ಎರಡು ಕಾರ್ಡಿನ ಮದರ್‌ಬೋರ್ಡ್ ತಂದ ಪ್ರಸಂಗ

ಸುಂಟಿಕೊಪ್ಪದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಏಕೈಕ ಗೃಹಿಣಿ ನಾನು. ಬೇರೆ ಯಾರಾದರೂ ಇದ್ದರೆ ನನಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಇಚ್ಛೆಯೂ ಇಲ್ಲ.

ನಾದಿನಿ ಸುಧಾಳ ಮಗಳ ಮದುವೆಯಲ್ಲಿ, ಬರುವ ಭಾನುವಾರ ಬೀಗರು ನಮ್ಮ ಮನೆಗೆ ಊಟಕ್ಕೆ ಬಂದಾಗ ಪೂರ್ತಿ ವಿಡಿಯೋ ತೋರಿಸಿಯೇ ಸಿದ್ಧ ಎಂದು ಛತ್ರದಲ್ಲೇ ಘೋಷಿಸಿದ್ದೆ. ಮಾತು ತಪ್ಪಿದರೆ ಬೀಗರ ಮುಂದೆ ಸುಧಾಳ ಮುಖ ಸಣ್ಣದಾಗುತ್ತದೆ. ನನಗಂತೂ ಮುಖವೇ ಇರುವುದಿಲ್ಲ!

ಕಂಪ್ಯೂಟರಿನಲ್ಲಿ ಚಿತ್ರಗಳ ಭಾರ ಹೊರುವ ಗ್ರಾಫಿಕ್ಸ್ ಕಾರ್ಡ್ ಒಂದೇ ಇತ್ತು. ತಮ್ಮ ತನ್ನದೊಂದು ಹಳೆಯದನ್ನು ಕೊಟ್ಟ. ಎರಡು ಕಾರ್ಡ್ ಇದ್ದರೆ ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯಿತು, ಲೆಕ್ಕ ಎಷ್ಟು ಸರಳ! ಎರಡನ್ನೂ ಕೂರಿಸಿಕೊಳ್ಳುವ ಮದರ್‌ಬೋರ್ಡ್ ಸಿಕ್ಕರೆ ಸಾಕು. ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿರುವ ನನ್ನ ಯಜಮಾನರು, ಗೊತ್ತಿರುವವರನ್ನು ಕೇಳು ಎಂದರು. ಗೊತ್ತಿರುವವಳು ನಾನೇ ಎಂದೆ.

ಕುಶಾಲನಗರದ ಅಂಗಡಿಯವನು ಕಾರ್ಡ್ ಎಷ್ಟು ದಪ್ಪ ಎಂದು ಕೇಳಿದ. ದಪ್ಪವೋ ತೆಳ್ಳಗೋ ನೋಡಲು ಇದೇನು ವಧುಪರೀಕ್ಷೆಯೇ ಎಂದು ಗದರಿದೆ. ಕಾರ್ಡ್ ಸಿಕ್ಕಿಸುವ ಉದ್ದ ಸ್ಲಾಟ್ ಎರಡಿವೆ ಎಂದು ಎಣಿಸಿ, ಬೋರ್ಡ್ ಕೊಂಡು ಗೆದ್ದವಳ ಹಾಗೆ ಬಸ್ಸು ಹತ್ತಿದೆ.

ಮನೆಯಲ್ಲಿ ಹಳೆಯದನ್ನೆಲ್ಲ ಬಿಚ್ಚಿ ಹಾಕಿದೆ. ಮೊದಲ ಕಾರ್ಡನ್ನು ಹೊಸ ಬೋರ್ಡಿನ ಮೇಲೆ ಕೂರಿಸಿದೆ. ಅದರ ದಪ್ಪಕ್ಕೆ ಎರಡನೆಯ ಸ್ಲಾಟನ್ನೂ ಮುಚ್ಚಿ ಕೂತುಬಿಟ್ಟಿತು!

ಯಜಮಾನರು ಬಗ್ಗಿ ನೋಡಿದರು. "ಗಿಡಕ್ಕೂ ಗಿಡಕ್ಕೂ ಮಧ್ಯ ಜಾಗ ಬಿಡ್ರಿ, ಉಸಿರಾಡ್ಲಿ ಅಂತ ತೋಟದಲ್ಲಿ ಎಲ್ರಿಗೂ ಹೇಳೋಳು ನೀನೇ ಅಲ್ವೇನೇ?"

ಮತ್ತೆ ಕುಶಾಲನಗರ. ಈ ಸಲ ಸ್ಲಾಟುಗಳ ನಡುವೆ ಕೈ ಹೋಗುವಷ್ಟು ಜಾಗವಿರುವ, ಅಂಗಡಿಯಲ್ಲೇ ಅತಿ ದೊಡ್ಡ ಬೋರ್ಡನ್ನು ತಂದೆ. ಅದು ಕಂಪ್ಯೂಟರಿನ ಡಬ್ಬದೊಳಗೆ ಹೋಗಲೇ ಇಲ್ಲ. ಸೋಲೊಪ್ಪುವ ವಂಶ ನನ್ನದಲ್ಲ. ಎಲ್ಲವನ್ನೂ ಊಟದ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡೇ ಜೋಡಿಸಿದೆ. ಎರಡೂ ಕಾರ್ಡುಗಳ ಫ್ಯಾನು ತಿರುಗಿ ದೀಪ ಹತ್ತಿದಾಗ ನಿಜವಾಗಿ ಕಣ್ಣು ತುಂಬಿತು. ಇದನ್ನು ಕಟ್ಟಿದವಳು ನಾನು!

ಆದರೆ ಕೆಲಸ ಮಾತ್ರ ಮೊದಲಿನಷ್ಟೇ ನಿಧಾನ. ತಮ್ಮನಿಗೆ ಫೋನ್ ಮಾಡಿದೆ.

"ಅಕ್ಕ, ನಿನ್ನ ಸಾಫ್ಟ್‌ವೇರ್ ಒಂದೇ ಕಾರ್ಡ್ ಬಳಸೋದು. ಇನ್ನೊಂದು ಸುಮ್ನೆ ಇರತ್ತೆ."

"ಮೊದ್ಲೇ ಹೇಳ್ಬಾರ್ದಿತ್ತೇನೋ?"

"ನೀನು ಕೇಳಿದ್ಯಾ?"

ಅಷ್ಟರಲ್ಲಿ ಶನಿವಾರವಾಗಿತ್ತು. ಭಾನುವಾರ ಬೀಗರು ಬಂದಾಗ ವಿಡಿಯೋ ಇನ್ನೂ ಅರ್ಧಕ್ಕೇ ನಿಂತಿತ್ತು. ಮೇಜು ಖಾಲಿ ಇಲ್ಲದೆ ಎಲ್ಲರೂ ಚಾಪೆಯ ಮೇಲೆ ಕೂತು ಉಂಡರು. ಬಾಳೆಲೆ ಊರಿನ ಹಿರಿಯ ಬೀಗರು ಮಿನುಗುವ ಯಂತ್ರವನ್ನು ಸುತ್ತಿ ನೋಡಿ, ಇಂಥದ್ದು ತಮ್ಮ ಊರಲ್ಲಿ ಯಾರ ಮನೆಯಲ್ಲೂ ಇಲ್ಲ ಎಂದರು. ನಾನು ಉಬ್ಬಿಹೋದೆ. ಆಮೇಲೆ ಅವರು ವಿಡಿಯೋ ಎಲ್ಲಿ ಎಂದು ಕೇಳಿದರು.

ಸುಧಾ ನನ್ನ ಮುಖ ನೋಡಿದಳು. ಮೆಲ್ಲಗೆ ತನ್ನ ಫೋನ್ ತೆಗೆದು, ಯಾರೋ ಕಳಿಸಿದ್ದ ಮದುವೆಯ ವಿಡಿಯೋವನ್ನು ಟಿವಿಗೆ ಹಾಕಿದಳು. ಧಾರೆ, ನಗು, ಹುಡುಗಿಯ ಅಳು, ಎಲ್ಲ ಇತ್ತು. ಬೀಗರು ಎರಡು ಸಲ ನೋಡಿದರು. ನಾನೂ ನೋಡಿದೆ. ಹೇಳಬಾರದು, ಚೆನ್ನಾಗಿಯೇ ಇತ್ತು.

ಯಾರು ತೆಗೆದದ್ದು ಎಂದು ಕೇಳಿದೆ. ಸುಧಾ ತನ್ನ ಅಣ್ಣನ ಕಡೆ ನೋಡಿದಳು.

ನನ್ನ ಯಜಮಾನರು ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡು, ತಲೆ ತಗ್ಗಿಸಿ ಕುಡಿಯತೊಡಗಿದರು.