ದರ್ಜಿಯ ಜೇಬಿನ ಬೀಗದ ಕೈ

ಮನೆಯ ಎರಡು ಬೀಗದ ಕೈಗಳೂ ತನ್ನ ಜೇಬಿನಲ್ಲೇ ಇವೆ ಎಂದು ದರ್ಜಿಗೆ ಹೊಳೆದದ್ದು ಚೆಸ್ ಕ್ಲಬ್ಬಿನ ಪಂದ್ಯದ ನಟ್ಟನಡುವೆ. ಹೆಂಡತಿ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು. ಏನು ಮರೆತರೂ "ನನ್ನ ತಲೆ ಇರೋದೇ ಇಷ್ಟು ಕಣೇ" ಎಂದು ಹಲ್ಲುಕಿರಿದು ಅವನು ಇಷ್ಟು ವರ್ಷ ಸಂಸಾರ ತೂಗಿಸಿದ್ದ. ಪಾಪ, ಆಕೆಯೂ ನಂಬಿದ್ದಳು.

ಎದುರಿಗೆ ಹಲ್ಲಿನ ಡಾಕ್ಟರು. ರೇಟಿಂಗಿನಲ್ಲಿ ಅವರು ಕ್ಲಬ್ಬಿಗೇ ಮೊದಲಿಗರು, ದರ್ಜಿ ಕಟ್ಟಕಡೆಯವನು.

ಆಟ ನೋಡುತ್ತಿದ್ದ ಪಕ್ಕದ ಮನೆಯಾತನ ಕೈಗೆ ದರ್ಜಿ ಬೀಗದ ಕೈ ತುರುಕಿದ. "ಅಣ್ಣಾ, ಇದನ್ನ ನಮ್ಮನೆಯವಳಿಗೆ ಕೊಟ್ಬಿಡಿ."

"ಅದಕ್ಕೇನಂತೆ! ಇದೊಂದು ನಡೆ ನೋಡ್ಕೊಂಡು ಹೊರಟೆ."

ಆ ಪುಣ್ಯಾತ್ಮ ಜಾಗ ಬಿಟ್ಟು ಕದಲಲೇ ಇಲ್ಲ. ತಾನೇ ಹೋಗೋಣವೆಂದು ದರ್ಜಿ ಎದ್ದರೆ, "ಅರ್ಧಕ್ಕೆ ಎದ್ರೆ ಕ್ಲಬ್ಬಿಂದ ಹೆಸರು ತೆಗೀತೀನಿ" ಎಂದು ಕಾರ್ಯದರ್ಶಿ ಗದರಿದರು. ಬೇಗ ಸೋಲುವುದೊಂದೇ ದಾರಿ. ಹಿಂದೆಮುಂದೆ ನೋಡದೆ ತನ್ನ ರಾಣಿಯನ್ನು ಡಾಕ್ಟರ ರಾಜನ ಮಗ್ಗುಲಿಗೇ ತಳ್ಳಿಬಿಟ್ಟ.

"ಏನ್ರೀ, ರಾಣೀನೇ ಕೊಟ್ಬಿಟ್ರಾ!" ಡಾಕ್ಟರು ನಗುತ್ತ ಆನೆಯಿಂದ ಹೊಡೆದರು. ನಗು ಅಲ್ಲಿಗೇ ನಿಂತಿತು.

ದರ್ಜಿಯೂ ಹಲಗೆ ನೋಡಿದ. ಮೈ ಜುಮ್ಮೆಂದಿತು. ಡಾಕ್ಟರ ರಾಜನ ಸುತ್ತ ಅವನದೇ ಆನೆ, ಅವನದೇ ಕಾಲಾಳುಗಳು. ಸ್ವಂತ ಮನೆಯೊಳಗೇ ಬೀಗ ಬಿದ್ದಂತೆ ಸಿಕ್ಕಿಬಿದ್ದಿದ್ದಾನೆ. ತನ್ನ ಕುದುರೆ ಒಮ್ಮೆ ಜಿಗಿದರೆ ಮುಗಿಯಿತು. ಇಂಥ ಚಂದದ್ದೊಂದು ತನ್ನ ಕೈಯಿಂದ ಹುಟ್ಟೀತೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಬೀಗ, ಹೆಂಡತಿ, ಸೋಲುವ ಅವಸರ ಎಲ್ಲವೂ ಮರೆತುಹೋಯಿತು. ಕುದುರೆ ಎತ್ತಿಟ್ಟ.

"ಚೆಕ್‌ಮೇಟ್" ಎಂದ, ತನಗೇ ಕೇಳಿಸದಷ್ಟು ಮೆಲ್ಲಗೆ.

ದಿನವಿಡೀ ಬೇರೆಯವರ ಬಾಯಿ ತೆರೆಸುವ ಡಾಕ್ಟರು ಈಗ ತಾವೇ ಬಾಯಿ ತೆರೆದು ಕೂತಿದ್ದರು. ಕಡೆಗೆ ಎದ್ದು ದರ್ಜಿಯ ಎರಡೂ ಕೈ ಹಿಡಿದುಕೊಂಡರು.

"ಅಬ್ಬಬ್ಬಾ, ಎಂಥಾ ತಲೆ ರೀ ನಿಮ್ದು! ಎಲ್ಲಾ ಮೊದಲೇ ಯೋಚಿಸಿಟ್ಟಿದ್ರಿ, ಅಲ್ವಾ?"

ಜನ್ಮದಲ್ಲಿ ಮೊದಲ ಸಲ ದರ್ಜಿ ಎದೆಯುಬ್ಬಿಸಿದ. "ಹೂಂ, ಎಲ್ಲಾ ತಲೇಲೇ ಇತ್ತು."

"ಹೌದೇನ್ರೀ?"

ಬಾಗಿಲಲ್ಲಿ ಹೆಂಡತಿ. ಬೀಗದ ಕೈ ಹುಡುಕಿಕೊಂಡು ಬಂದವಳು ಎಲ್ಲವನ್ನೂ ನೋಡಿದ್ದಳು. ಅವಳ ಕಣ್ಣಲ್ಲೂ ಬೆರಗು ತುಂಬಿತ್ತು. ಪಕ್ಕದ ಮನೆಯಾತನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಗಂಡನ ಹತ್ತಿರ ಬಂದಳು.

"ಇಂಥಾ ತಲೆ ಇಟ್ಕೊಂಡು ಇಷ್ಟು ವರ್ಷ ನನ್ನ ಆಟ ಆಡಿಸಿದ್ರಾ? ನಾಳೆಯಿಂದ ಹಾಲು, ಕರೆಂಟ್ ಬಿಲ್ಲು, ನಮ್ಮಮ್ಮನ ಮಾತ್ರೆ, ಎಲ್ಲಾ ಅದರಲ್ಲೇ ಇರ್ಲಿ."