ಬಾಡಿಗೆದಾರನ ಸಮೇತ

ಕೆಲವರು ಹುಟ್ಟುತ್ತಲೇ ಮಾಲೀಕರು. ಅವರು ಬಸ್ಸಿನಲ್ಲಿ ಅರ್ಧ ಗಂಟೆ ಕೂತರೂ ಆ ಸೀಟು ಅವರ ಅಜ್ಜನ ಕಾಲದಿಂದ ಬಂದದ್ದು ಎನ್ನುವ ಹಾಗಿರುತ್ತದೆ. ನಾನು ಆ ಪೈಕಿಯವಳಲ್ಲ. ಹನ್ನೊಂದು ವರ್ಷ ಒಂದು ಕಟ್ಟಡಕ್ಕೆ ಒಡತಿಯಾಗಿದ್ದೆ. ಒಂದು ದಿನವಾದರೂ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತವಳಲ್ಲ. ನೋಡಲು ಹೋದಾಗಲೆಲ್ಲ, ಹೇಳದೆ ಕೇಳದೆ ಬಂದ ನೆಂಟರಂತೆ ಚಪ್ಪಲಿಯನ್ನು ಹೊರಗೆ ಬಿಟ್ಟು, ಬಾಗಿಲಲ್ಲಿ ಸ್ವಲ್ಪ ಕೆಮ್ಮಿ, ಆಮೇಲೆ ಒಳಗೆ ಹೋಗುತ್ತಿದ್ದೆ.

ಕಟ್ಟಡವೆಂದರೆ ಭಾರಿ ಏನೋ ಎಂದುಕೊಳ್ಳಬೇಡಿ. ಭೇರ್ಯದಲ್ಲಿ ರಸ್ತೆಗೆ ಮುಖ ಮಾಡಿದ ಒಂದೇ ಮಳಿಗೆ, ಅದರ ಹಿಂದೆ ಸಾಮಾನು ತುಂಬುವ ಒಂದು ಕೋಣೆ, ಮೇಲೆ ಬರೀ ತಾರಸಿ. ಅಷ್ಟೆ. ನಮ್ಮ ಯಜಮಾನರು ರಿಟೈರ್ ಆದಾಗ ಕಟ್ಟಿಸಿದ್ದು. "ನಿನ್ನ ಹೆಸರಲ್ಲೇ ಇರಲಿ" ಎಂದು ಬಹಳ ಉದಾರವಾಗಿ ಪತ್ರ ಮಾಡಿಸಿದರು. ಆ ಔದಾರ್ಯದ ಅರ್ಥ ನನಗೆ ಆಮೇಲೆ ತಿಳಿಯಿತು. ತಾರಸಿ ಸೋರಿದರೆ, ಚರಂಡಿ ಕಟ್ಟಿಕೊಂಡರೆ, ಪಂಚಾಯಿತಿಯಿಂದ ಕಂದಾಯದ ಚೀಟಿ ಬಂದರೆ, ಎಲ್ಲವೂ ನನ್ನ ಹೆಸರಿಗೇ. ಅವರು ಪೇಪರ್ ಓದುತ್ತ "ನಿನ್ನ ಬಿಲ್ಡಿಂಗು, ನೀನೇ ನೋಡು" ಎನ್ನುವರು.

ಮೊದಲ ಮೂರು ವರ್ಷ ಒಬ್ಬ ಟೈಲರ್ ಇದ್ದು ಹೋದ. ಆಮೇಲೆ ಬಂದವನು ಬೋರೇಗೌಡ. ಹಗ್ಗ, ಕುಡುಗೋಲು, ಟಾರ್ಪಾಲು, ಪಂಪ್‌ಸೆಟ್ಟಿನ ವಾಷರು, ಹೀಗೆ ರೈತರಿಗೆ ಬೇಕಾದ ಸಣ್ಣಪುಟ್ಟ ಸಾಮಾನಿನ ಅಂಗಡಿ ಇಟ್ಟ. ಮನುಷ್ಯ ಬಂಗಾರ. ಆದರೆ ಕಟ್ಟಡದ ಕಷ್ಟಸುಖವನ್ನೆಲ್ಲ ಬೆಳಿಗ್ಗೆ ಏಳಕ್ಕೇ ಫೋನಿನಲ್ಲಿ ವರದಿ ಮಾಡುವ ಅಭ್ಯಾಸ. ಒಮ್ಮೆ ನಾನು ಸ್ನಾನಕ್ಕೆ ಹೋಗಿದ್ದಾಗ ಯಜಮಾನರು ಫೋನ್ ಎತ್ತಿದರು. "ಸಾರ್, ಶೆಟ್ರು ಅರ್ಧಕ್ಕೇ ನಿಂತ್ಕಂಡು ಮೇಲಕ್ಕೂ ಓಯ್ತಿಲ್ಲ, ಕೆಳಕ್ಕೂ ಬತ್ತಿಲ್ಲ" ಎಂದನಂತೆ ಆತ. ಯಜಮಾನರು ಗಾಬರಿಯಾಗಿ, "ಅಯ್ಯೋ ಪಾಪ, ಯಾವ ಶೆಟ್ರು? ಆಸ್ಪತ್ರೆಗೆ ಸೇರಿಸಿದ್ರಾ?" ಎಂದು ಕೇಳಿದರು. ಆ ಕಡೆಯಿಂದ "ಇಲ್ಲ ಸಾರ್, ಎಣ್ಣೆ ಬುಟ್ಟಿವ್ನಿ" ಎಂದು ಉತ್ತರ ಬಂತು. ಅದು ಅಂಗಡಿಯ ಕಬ್ಬಿಣದ ಶಟರ್ ವಿಷಯವೆಂದು ನಾನು ಬಂದು ಬಿಡಿಸಿ ಹೇಳುವವರೆಗೆ ಯಜಮಾನರು ಕಾಫಿ ಕುಡಿಯಲಿಲ್ಲ.

ನಮಗೂ ವಯಸ್ಸಾಯಿತು. ಇಬ್ಬರಿಗೂ ಸೇರಿ ಇರುವ ನಾಲ್ಕು ಮಂಡಿಗಳಲ್ಲಿ ಹೇಳಿದ ಮಾತು ಕೇಳುವವು ಎರಡೇ. ನಾವಿರುವ ಕೆ.ಆರ್. ನಗರದಿಂದ ಭೇರ್ಯದ ಬಸ್ ಹತ್ತಿ ಇಳಿಯುವುದೇ ಒಂದು ದಿನದ ಕೆಲಸವಾಗತೊಡಗಿದಾಗ, ಕಟ್ಟಡ ಮಾರಿ ಹಾಯಾಗಿರೋಣ ಎಂದು ತೀರ್ಮಾನಿಸಿದೆವು. ಯಾರೋ ಹೇಳಿದರೆಂದು ಹುಣಸೂರಿನ ಬ್ರೋಕರ್ ಪ್ರಕಾಶನನ್ನು ಕರೆಸಿದೆ. ಎರಡು ಫೋನು, ಒಂದು ಡೈರಿ, ಕಂಕುಳಲ್ಲಿ ಬ್ಯಾಗು. ನಾನು ಗೋಡೆ ಎಷ್ಟು ಗಟ್ಟಿ, ಎಂಥ ಮರದ ಕಿಟಕಿ ಎಂದೆಲ್ಲ ಹೇಳತೊಡಗಿದೆ. ಆತ ಕೈ ಎತ್ತಿ ತಡೆದ.

"ಮೇಡಂ, ನಿಮ್ದು ಬಿಲ್ಡಿಂಗ್ ಅಲ್ಲ, ಇನ್ವೆಸ್ಟ್‌ಮೆಂಟ್ ಪ್ರಾಪರ್ಟಿ. ಕೊಳ್ಳೋರು ಗೋಡೆ ನೋಡಲ್ಲ ಕಣ್ರೀ, ಬಾಡಿಗೆದಾರನ್ನ ನೋಡ್ತಾರೆ. ನಾವು ಮಾರ್ತಿರೋದು ಬೋರೇಗೌಡರನ್ನ."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಮನುಷ್ಯರನ್ನು ಮಾರುವ ಲೆಕ್ಕ ಯಾವ ಪಾಠದಲ್ಲೂ ಬಂದಿರಲಿಲ್ಲ. ಬೋರೇಗೌಡನಿಗೆ ಹೇಗೆ ಹೇಳುವುದೆಂದು ಮೂರು ದಿನ ಒದ್ದಾಡಿ, ಕೊನೆಗೆ ಹೋಗಿ ಹೇಳಿದೆ. ಅವನು ಹಗ್ಗ ಅಳೆಯುತ್ತಿದ್ದವನು ಮೊಳವನ್ನು ಮರೆತು ನನ್ನ ಮುಖ ನೋಡಿದ.

"ನನ್ನೂವೆ ಸೇರ್ಸಿ ಮಾರ್ತೀರಾ ಅಮ್ಮಾವ್ರೆ?"

"ಹಾಗಂತಾರಪ್ಪ. ನೀನು ಇಲ್ಲೇ ಇರ್ತೀಯ. ಓನರ್ ಮಾತ್ರ ಬೇರೆಯಾಗ್ತಾರೆ."

ಅವನು ಸ್ವಲ್ಪ ಯೋಚಿಸಿ, "ಅಂಗಾದ್ರೆ ಒಸಿ ಒಳ್ಳೆ ರೇಟೇ ಏಳಿ, ಮರ್ವಾದೆ ಪ್ರಶ್ನೆ" ಎಂದ.

ಪ್ರಕಾಶ ಫೋಟೋ ತೆಗೆಯಲು ಬರುವ ದಿನ ಬೋರೇಗೌಡ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಟಾರ್ಪಾಲಿನ ಸುರುಳಿಯ ಪಕ್ಕದಲ್ಲಿ ಮದುಮಗನಂತೆ ನಿಂತ. "ಉತ್ತಮ ಬಾಡಿಗೆದಾರನ ಸಮೇತ ಮಾರಾಟಕ್ಕಿದೆ" ಎಂಬ ಬರಹದೊಂದಿಗೆ ಅವನ ಚಿತ್ರ ಎಲ್ಲರ ಫೋನಿಗೂ ಹೋಯಿತು. ಭೇರ್ಯದವರಂತೂ ಅವನನ್ನು ಬಿಡಲಿಲ್ಲ. "ಏನ್ಲಾ ಬೋರ, ನಿನ್ನ ಮಾರಕ್ಕಾಕವ್ರಂತೆ, ಎತ್ತಿಗೆ ನೋಡ್ದಂಗೆ ಸುಳಿಗಿಳಿ ನೋಡಿದ್ರೇನ್ಲಾ?" ಎಂದು ಅಂಗಡಿ ಮುಂದೆ ಹೋಗುವವರೆಲ್ಲ ಕೇಳುವರು. ಅವನ ಹೆಂಡತಿ ನಿಂಗಮ್ಮ ಮಾತ್ರ ನಗಲಿಲ್ಲ. ಅಂಗಡಿಯ ಲೆಕ್ಕ ನೋಡುವವಳು ಅವಳೇ.

ಮೊದಲು ಬಂದವರು ರಾವಂದೂರಿನ ಕಡೆಯ ಒಬ್ಬ ತಂಬಾಕು ಬೆಳೆಗಾರರು, ಜೊತೆಗೆ ಅವರ ಭಾವಮೈದ. ಗೋಡೆಯನ್ನು ಬೆರಳಿಂದಲೂ ಮುಟ್ಟಲಿಲ್ಲ. ನೇರವಾಗಿ ಬೋರೇಗೌಡನ ವಯಸ್ಸೆಷ್ಟು, ಬಿಪಿ ಇದೆಯೋ, ಶುಗರ್ ಇದೆಯೋ ಎಂದು ಕೇಳಿದರು. ಅವನು ಉತ್ಸಾಹದಿಂದ, "ಏನೂ ಇಲ್ಲ ಸ್ವಾಮಿ, ಒಂದು ದವಡೆ ಹಲ್ಲು ಓಗದೆ ಅಷ್ಟೆಯಾ" ಎಂದು ಬಾಯಿ ತೆರೆದು ತೋರಿಸಿಯೇಬಿಟ್ಟ. ಭಾವಮೈದ ಬಗ್ಗಿ ನೋಡಿದ. ವ್ಯಾಪಾರ ಕುದುರುವ ಹೊತ್ತಿಗೆ, "ಓನರಮ್ಮ ಹೆಂಗೆ?" ಎಂದು ಸುಮ್ಮನೆ ಒಂದು ಮಾತು ಕೇಳಿದರು. ನನ್ನ ಮೇಲಿನ ಪ್ರೀತಿಯನ್ನು ತೋರಿಸಲು ಬೋರೇಗೌಡ ಅದೇ ಗಳಿಗೆಯನ್ನು ಆರಿಸಿಕೊಂಡ.

"ದೇವ್ರಂತೋರು ಸ್ವಾಮಿ! ನಾನು ಬಂದು ಎಂಟು ವರ್ಸಾಯ್ತು, ಬಾಡಿಗೆ ಒಂದು ರೂಪಾಯಿ ಜಾಸ್ತಿ ಮಾಡಿಲ್ಲ."

ಬೆಳೆಗಾರರು ಕಾಫಿಯನ್ನೂ ಮುಗಿಸದೆ ಎದ್ದರು. ಪ್ರಕಾಶ ನನ್ನ ಕರಾರುಪತ್ರ ಬಿಚ್ಚಿ, "ಮೇಡಂ, ವರ್ಷಾವರ್ಷ ಬಾಡಿಗೆ ಏರಿಸಬೇಕು ಅಂತ ಇಲ್ಲಿ ಬರೆದದೆ. ನೀವು ಗಣಿತದ ಟೀಚರ್ ಅಲ್ವಾ?" ಎಂದು ಅಳುವ ದನಿಯಲ್ಲಿ ಕೇಳಿದ. ನಾನೇನು ಮರೆತಿರಲಿಲ್ಲ. ಪ್ರತಿ ವರ್ಷವೂ ಏರಿಸಬೇಕೆಂದೇ ಬಸ್ ಹತ್ತುತ್ತಿದ್ದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಳ್ಳುತ್ತಿದ್ದೆ. ಅಲ್ಲಿ ನಿಂಗಮ್ಮ ಸೊಗಡಿನ ಅವರೆಕಾಯಿಯ ಚೀಲ ಕೈಗಿಟ್ಟು, "ಬಿಸ್ಲಲ್ಲಿ ಬಂದಿದ್ದೀರಿ, ಕೂತ್ಕಳಿ" ಎಂದೊಡನೆ ನನ್ನ ಶೇಕಡಾವಾರು ಎಲ್ಲ ಮರೆತು ಹೋಗುತ್ತಿತ್ತು.

ಎರಡನೆಯವನು ಹುಣಸೂರಿನ ಯುವಕ, ಮೊಬೈಲ್ ಅಂಗಡಿ ಇಡುವವನು. ಅವನಿಗೆ ಬಾಡಿಗೆದಾರ ಬೇಡ, ಖಾಲಿ ಮಳಿಗೆ ಬೇಕು. ನಾವು ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆಂದ. ಕರಾರು ಮುಗಿಯಲು ಇನ್ನೂ ಒಂದು ವರ್ಷ ಇತ್ತು. ಆದರೆ ನಾನು ಒಂದು ಮಾತು ಹೇಳಿದರೆ ಬೋರೇಗೌಡ ಬಿಟ್ಟುಕೊಡುವವನೆಂದು ನನಗೆ ಗೊತ್ತಿತ್ತು. ಸುಳ್ಳೇಕೆ ಹೇಳಲಿ, ಎರಡು ದಿನ ನಾನು ಒಳ್ಳೆಯವಳಾಗಿರಲಿಲ್ಲ. ಆ ಹೆಚ್ಚಿನ ದುಡ್ಡಿನಲ್ಲಿ ಅಡುಗೆಮನೆಗೆ ಹೊಸ ಕಲ್ಲು ಹಾಸಿ, ಮನಸ್ಸಿನಲ್ಲೇ ಅದರ ಮೇಲೆ ಓಡಾಡಿಯೂ ಆಗಿತ್ತು. ಯಜಮಾನರು ಪೇಪರಿನ ಹಿಂದಿನಿಂದ, "ನಿನ್ನ ಬಿಲ್ಡಿಂಗು" ಎಂದರು.

ಮೂರನೆಯ ದಿನ ಭೇರ್ಯಕ್ಕೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಬೋರೇಗೌಡ, "ಗೊತ್ತಾಯ್ತು ಬುಡಿ ಅಮ್ಮಾವ್ರೆ, ಆ ಹೈದ ಬಂದು ಟೇಪಿಡ್ಕಂಡು ಅಳ್ತೆ ತಗಂಡೋದ. ನೀವು ಖಾಲಿ ಮಾಡು ಅಂದ್ರೆ ಮಾಡ್ತೀನಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗಿನ ಕೋಣೆಯಿಂದ ನಿಂಗಮ್ಮ ಬಂದಳು. ಕಣ್ಣು ಕೆಂಪಾಗಿತ್ತು.

"ಅವ್ರು ಅಂಗೇ ಅಂತಾರೆ. ನಾನು ಅನ್ನಾಕಿಲ್ಲ. ಎಂಟು ವರ್ಸದಿಂದ ಗಿರಾಕಿಗಳು ಈ ಬಾಗ್ಲಿಗೇ ಬರೋದು ಕಣವ್ವ. ನಾಳೆ ಎಲ್ಲೋದ್ರು ಅಂತ ಯಾರ್‌ನ ಕೇಳ್ತಾರೆ? ಮಾರೋದಾದ್ರೆ ನಮ್ಮಿಬ್ರನ್ನೂ ಕೂಡ್ಸಿ ಮಾರಿ. ಬುಟ್ಬುಟ್ಟು ಮಾರ್ಬ್ಯಾಡಿ."

ನಾನು ಏನು ಹೇಳಲು ಹೋಗಿದ್ದೆನೋ ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಬಾಯಿಂದ ಬಂದದ್ದು ಮಾತ್ರ, "ಹುಚ್ಚಿ, ಯಾರು ಹೇಳಿದರು ಬಿಟ್ಟು ಮಾರ್ತೀನಿ ಅಂತ?" ಎಂಬ ಮಾತು. ನಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಲ್ಲಿಂದಲೇ ಪ್ರಕಾಶನಿಗೆ ಫೋನ್ ಮಾಡಿ, ಆ ಯುವಕನಿಗೆ ಬೇಡವೆನ್ನು ಎಂದೆ. ಫೋನಿನಲ್ಲಿ ಕೇಳಿಬಂದ ನಿಟ್ಟುಸಿರಿಗೆ ಅವನ ಡೈರಿಯ ಹಾಳೆಗಳು ಹಾರಿರಬೇಕು.

ಎರಡು ತಿಂಗಳ ಮೇಲೆ ಹೆಗ್ಗಡದೇವನಕೋಟೆಯಿಂದ ಪುಟ್ಟಲಕ್ಷ್ಮಮ್ಮ ಎಂಬುವವರು ಬಂದರು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ತಿಂಗಳಿಗೊಂದು ನಿಶ್ಚಿತ ಆದಾಯ ಬೇಕೆಂಬುದು ಅವರ ಆಸೆ. ಅವರು ಏನೂ ಕೇಳಲಿಲ್ಲ. ಬೆಳಗಿನ ಬಸ್ಸಿಗೆ ಬಂದು, ಅಂಗಡಿಯ ಮೂಲೆಯಲ್ಲಿ ಸ್ಟೂಲ್ ಹಾಕಿಸಿಕೊಂಡು, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಕೂತರು. ಸಂಜೆಯವರೆಗೂ ಕೂತೇ ಇದ್ದರು. ಅವರಿಗೆ ಜೊತೆಯಾಗಿ ನಾನೂ ಕೂತೆ. ಮಧ್ಯಾಹ್ನ ಒಬ್ಬ ರೈತ ಹೊಸ ಟಾರ್ಪಾಲು ಕೊಳ್ಳಲು ಬಂದ. ಬೋರೇಗೌಡ ಅವನ ಹಳೆಯದನ್ನು ಬಿಡಿಸಿ ನೋಡಿ, "ಇದ್ಕೇ ಒಂದು ತೇಪೆ ಆಕ್ಸು, ಈ ವರ್ಸ ಕಳೀತದೆ ಕಣೋ. ಯಾಕ್ ದುಡ್ಡು ದಂಡ ಮಾಡ್ಕತೀಯ" ಎಂದು ವಾಪಸ್ ಕಳಿಸಿದ. ನಾನು ತಲೆ ಚಚ್ಚಿಕೊಂಡೆ. ಇವನು ಇನ್ನೊಂದು ವ್ಯಾಪಾರ ಕೆಡಿಸಿದ, ತನ್ನದೂ ನನ್ನದೂ.

ಸಂಜೆ ಪುಟ್ಟಲಕ್ಷ್ಮಮ್ಮ ಎದ್ದು ಸೀರೆ ಕೊಡವಿಕೊಂಡರು. "ಆ ರೈತ ಇನ್ನು ಬೇರೆ ಅಂಗಡಿಗೆ ಹೋಗಲ್ಲ. ಇವರೂ ಎಲ್ಲಿಗೂ ಹೋಗಲ್ಲ. ನಾನು ತಗೋತೀನಿ" ಎಂದರು. ಬೋರೇಗೌಡನ ಕಡೆ ತಿರುಗಿ ಅದೇ ಉಸಿರಿನಲ್ಲಿ, "ಆದ್ರೆ ನೋಡಪ್ಪ, ಕರಾರು ಹೊಸದಾಗಿ ಐದು ವರ್ಷಕ್ಕೆ ಬರ್ಕೊಡ್ತೀನಿ. ಬಾಡಿಗೆ ಈಗ ಏರ್ತದೆ, ವರ್ಷಾವರ್ಷನೂ ಏರ್ತದೆ" ಎಂದರು. ನಿಂಗಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿ, ಗಂಡನಿಗಿಂತ ಮೊದಲು ತಲೆಯಾಡಿಸಿದಳು. ನಾನು ಎಂಟು ವರ್ಷ ನುಂಗಿಕೊಂಡ ಮಾತನ್ನು ಆಕೆ ಬುತ್ತಿ ಡಬ್ಬಿ ಮುಚ್ಚುವಷ್ಟರಲ್ಲಿ ಹೇಳಿ ಮುಗಿಸಿದ್ದರು.

ನೋಂದಣಿ ಆಯಿತು. ಅಡುಗೆಮನೆಗೆ ಹೊಸ ಕಲ್ಲು ಬರಲಿಲ್ಲ, ಆದರೆ ಹಳೆಯದನ್ನೇ ಉಜ್ಜಿಸಿದ್ದೇವೆ, ಚೆನ್ನಾಗಿಯೇ ಇದೆ. ತಿಂಗಳ ಮೇಲೆ ಸಂಬಂಧಿಕರ ಮನೆಯ ನಾಮಕರಣಕ್ಕೆಂದು ಭೇರ್ಯದ ಕಡೆ ಹೋದವಳು ಅಂಗಡಿಗೆ ಹೋಗಿ ಬಟ್ಟೆ ಒಣಗಿಸುವ ಹಗ್ಗ ಕೇಳಿದೆ. ಬೋರೇಗೌಡ ಕುರ್ಚಿ ಹಾಕಿದ, ನಿಂಗಮ್ಮ ಕಾಫಿ ತಂದಳು. "ಒಸ ಓನರಮ್ಮ ಬಲೇ ಗಟ್ಟಿಗಿತ್ತಿ ಕಣ್ರೀ, ಓನರು ಅಂದ್ರೆ ಅಂಗಿರ್ಬೇಕು" ಎಂದು ಅವನು ನನ್ನೆದುರಿಗೇ ಹೊಗಳಿ, ಹಗ್ಗ ಸುತ್ತಿಕೊಟ್ಟು, ಪೂರಾ ರೇಟು ಹೇಳಿದ.

ನನಗೆ ಎಲ್ಲಿಂದ ಧೈರ್ಯ ಬಂತೋ! "ಇಷ್ಟಕ್ಕೆ ಇಷ್ಟಾ?" ಎಂದೆ. ಅವನು ಮಾಲಿನ ಗುಣ ಹೇಳಿದ, ನಾನು ಕೆ.ಆರ್. ನಗರದ ರೇಟು ಹೇಳಿದೆ. ಎದ್ದು ಹೊರಟ ಹಾಗೆ ಮಾಡಿದೆ, ಅವನು ಕರೆದ, ಮತ್ತೆ ಕೂತೆ. ಕಾಲು ಗಂಟೆ ವಾದಿಸಿ ಹತ್ತು ರೂಪಾಯಿ ಇಳಿಸಿಯೇ ಬಿಟ್ಟೆ. ಕಟ್ಟಡ ಮಾರಿದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಬಸ್ಸಿನಲ್ಲಿ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಬೀಗುತ್ತ ಮನೆಗೆ ಬಂದೆ.

ಯಜಮಾನರು ಬಾಗಿಲು ತೆಗೆದು, ಹಗ್ಗವನ್ನು ನೋಡಿ, ನನ್ನನ್ನು ನೋಡಿ, "ಇದ್ಯಾಕೆ? ಮನೇಲಿ ಇನ್ನೂ ಬಿಚ್ಚದೆ ಇರೋದು ಎರಡಿದೆಯಲ್ಲ" ಎಂದರು.