ಸೈಕಲ್ಲಿಗೆ ಸಿಗದ ಹಸಿರು ದೀಪ

ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಚೌಕಾಸಿ ಬರುವುದಿಲ್ಲ. ನನಗೆ ಕೆಂಪು ದೀಪ ದಾಟಲು ಬರುವುದಿಲ್ಲ. ಇದನ್ನೊಂದು ಸದ್ಗುಣವೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ದೆಹಲಿಯಲ್ಲಿ ಹಾಗೆಂದು ಒಪ್ಪುವವರೂ ಇಲ್ಲ. ಕೇಂದ್ರ ಸರ್ಕಾರದಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ, ಮೊದಲು ಗುಮಾಸ್ತನಾಗಿ, ಈಗ ಸೆಕ್ಷನ್ ಆಫೀಸರ್ ಆಗಿ. ಮೇಲಿನವರ ಸಹಿ ಬೀಳದೆ ಕೈ ಆಡುವುದಿಲ್ಲ, ಕಾಲೂ ಆಡುವುದಿಲ್ಲ. ಕೆಂಪು ಎಂದರೆ ಕಡತ ಬಾಕಿ ಇದೆ, ಹಸಿರು ಎಂದರೆ ಮಂಜೂರಾಯಿತು. ಇಷ್ಟು ಸರಳವಾದ ವ್ಯವಸ್ಥೆಯಲ್ಲಿ ನಾನು ಸುಖವಾಗಿಯೇ ಇದ್ದೆ, ನಮ್ಮ ಗಲ್ಲಿಯ ತುದಿಗೆ ಬುದ್ಧಿವಂತ ಸಿಗ್ನಲ್ ಬರುವವರೆಗೆ.

ನಾವಿರುವುದು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ನಮ್ಮ ಡೀಸೆಲ್ ಕಾರಿಗೆ ಹತ್ತು ವರ್ಷ ತುಂಬಿದ ದಿನವೇ ಅದು ಮಾಲಿನ್ಯದ ಕಾನೂನಿನಡಿ ಈ ಊರಿನಲ್ಲಿ ಬದುಕುವ ಹಕ್ಕು ಕಳೆದುಕೊಂಡಿತು. ಅದೇ ವಾರ ಡಾಕ್ಟರು ನನ್ನ ರಕ್ತದ ವರದಿ ನೋಡಿ ಕನ್ನಡಕ ತೆಗೆದಿಟ್ಟರು. ಎರಡಕ್ಕೂ ಪರಿಹಾರವಾಗಿ ನಾನು ಸೈಕಲ್ ಕೊಂಡೆ. ಹೆಂಡತಿ ಸುಮಿತ್ರಾ, "ಎಷ್ಟು ದಿನ ನೋಡೋಣ," ಅಂದಳು. ಮಗಳು ಅನನ್ಯಾ, "ಅಪ್ಪಾ, ಹೆಲ್ಮೆಟ್ ಪೆಹನ್ ಲೇನಾ, ಇಲ್ಲಾಂದ್ರೆ ಫನ್ನಿ ಕಾಣ್ತೀಯ," ಅಂದಳು. ಹೆಲ್ಮೆಟ್ ಹಾಕಿದ ಮೇಲೆ ಇನ್ನೂ ಫನ್ನಿಯಾಗಿ ಕಂಡೆನೆಂದು ಆಮೇಲೆ ಗೊತ್ತಾಯಿತು.

ಕಾಲೊನಿಯ ಮುಂದಿನ ಗೇಟಿನಿಂದ ಹೊರಟರೆ ಸೀದಾ ಫ್ಲೈಓವರ್. ಅಲ್ಲಿ ಸೈಕಲ್ ಹತ್ತಿಸುವವನು ಉಯಿಲು ಬರೆದಿಟ್ಟೇ ಹೊರಡಬೇಕು. ಹಾಗಾಗಿ ಕಾರಿನವರು ಮುಂದಿನ ಗೇಟು, ಸೈಕಲ್ಲಿನವರು ಹಿಂದಿನ ಗಲ್ಲಿ. ಆ ಗಲ್ಲಿ ದೊಡ್ಡ ರಸ್ತೆಯನ್ನು ಸೇರುವಲ್ಲಿ ಮೊದಲಿದ್ದ ಸಿಗ್ನಲ್ ದಡ್ಡ. ಯಾರಿರಲಿ ಬಿಡಲಿ, ಎರಡು ನಿಮಿಷಕ್ಕೊಮ್ಮೆ ಹಸಿರು ಕೊಡುತ್ತಿತ್ತು. ಹೊಸದು ಹಾಗಲ್ಲ. ಗಲ್ಲಿಯ ಡಾಂಬರನ್ನು ಗೀಟಿನ ಹಾಗೆ ಕೊರೆದು ಕೆಳಗೆ ತಂತಿ ಹೂತಿದ್ದಾರೆ. ವಾಹನ ಬಂದು ನಿಂತರೆ ತಂತಿಗೆ ತಿಳಿಯುತ್ತದೆ, ತಂತಿ ಕಂಬಕ್ಕೆ ಹೇಳುತ್ತದೆ, ಕಂಬ ಹಸಿರು ತೋರಿಸುತ್ತದೆ. ಯಾರೂ ಇಲ್ಲದಿದ್ದರೆ ದೊಡ್ಡ ರಸ್ತೆಯವರನ್ನು ಸುಮ್ಮನೆ ತಡೆಯುವುದಿಲ್ಲ. ಬಹಳ ನ್ಯಾಯವಾದ ಏರ್ಪಾಡು. ಒಂದೇ ತೊಡಕೆಂದರೆ, ಆ ತಂತಿಯ ಪ್ರಕಾರ ನಾನು ಮತ್ತು ನನ್ನ ಸೈಕಲ್ ಸೇರಿ 'ಯಾರೂ ಇಲ್ಲ'.

ಮೊದಲ ದಿನ ಹದಿನಾಲ್ಕು ನಿಮಿಷ ನಿಂತೆ. ಮುಂದಕ್ಕೆ ಸರಿದೆ, ಹಿಂದಕ್ಕೆ ಸರಿದೆ. ಗಂಟೆ ಬಾರಿಸಿದೆ. ಕಂಬದಲ್ಲಿ ಪಾದಚಾರಿಗಳಿಗೆಂದು ಒಂದು ಗುಂಡಿ ಇದ್ದ ಗುರುತಿತ್ತು. ಗುಂಡಿಯನ್ನು ಯಾರೋ ಕಿತ್ತುಕೊಂಡು ಹೋಗಿ ಎರಡು ತಂತಿಯ ತುದಿ ಬಿಟ್ಟಿದ್ದರು. ಎದುರಿಗೆ ದೊಡ್ಡ ರಸ್ತೆ ಎಡೆಬಿಡದೆ ಹರಿಯುತ್ತಿತ್ತು. ಕೊನೆಗೆ ಯಾವುದೋ ಆಟೋ ಬಂದು ನನ್ನ ಹಿಂದೆ ನಿಂತಿತು. ಅದರ ಎಂಜಿನ್ ಇನ್ನೂ ಗುರುಗುಟ್ಟುತ್ತಿರುವಾಗಲೇ ಹಸಿರು ಬಂತು. ಆ ಕ್ಷಣ ನನಗಾದ ಅವಮಾನವನ್ನು ಹೇಗೆ ಹೇಳಲಿ? ಮದುವೆ ಮನೆಯಲ್ಲಿ ಬಡಿಸುವವನು ನಮ್ಮ ಎಲೆ ಬಿಟ್ಟು ಪಕ್ಕದ ಎಲೆಗೆ ಹೋದ ಹಾಗೆ ಆಯಿತು.

ಮದುವೆ ಅಂದೆನಲ್ಲ, ಅದೇ ನನ್ನ ನಿಜವಾದ ಕಷ್ಟ. ದಾವಣಗೆರೆಯಲ್ಲಿ ಗಿರಿಜಕ್ಕನ ಮಗಳು ಚೈತ್ರಾಳ ಮದುವೆ ನಿಶ್ಚಯವಾಗಿತ್ತು. ನಾನು ಹಿರಿಯ ಸೋದರಮಾವ. ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ನಾನೇ ಎಂದು ಅವಳು ಫ್ರಾಕ್ ಹಾಕುತ್ತಿದ್ದಾಗಿನಿಂದ ಮಾತು. ಪಾರ್ಲಿಮೆಂಟ್ ಅಧಿವೇಶನದ ಕಾಲ, ಗಳಿಕೆ ರಜೆಯ ಮಾತೆತ್ತಿದರೆ ನಮ್ಮ ಡೈರೆಕ್ಟರು ಕಿಟಕಿಯ ಹೊರಗೆ ನೋಡುತ್ತಾರೆ. ಉಳಿದದ್ದು ಸಾಂದರ್ಭಿಕ ರಜೆ ಐದು ದಿನ. ರೈಲಿನಲ್ಲಿ ಹೋಗಿ ಬರಲು ಅಷ್ಟೂ ಬೇಕು. ಆದರೆ ಆಫೀಸಿನ ಹೆಬ್ಬೆಟ್ಟು ಯಂತ್ರಕ್ಕೆ ತಡವಾಗಿ ಹೆಬ್ಬೆಟ್ಟು ಒತ್ತಿದರೆ ಅರ್ಧ ದಿನದ ರಜೆ ಕತ್ತರಿಸುತ್ತಾರೆ. ಬೆಳಿಗ್ಗೆ ಒಂದು ಯಂತ್ರಕ್ಕೆ ನಾನು ಕಾಣುವುದಿಲ್ಲ. ಅದರಿಂದಾಗಿ ಇನ್ನೊಂದು ಯಂತ್ರಕ್ಕೆ ಮಾತ್ರ ಬಹಳ ಚೆನ್ನಾಗಿ ಕಾಣುತ್ತೇನೆ.

ಹಾಗಿದ್ದರೆ ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಸುಮಿತ್ರಾಳೂ ಕೇಳಿದಳು. ಇಲ್ಲಿಯೇ ನನ್ನ ಸರ್ಕಾರಿ ತಲೆ ಕೆಲಸ ಮಾಡಿತು. ಅಷ್ಟರಲ್ಲಿ ನಾನು ಸಂಬಂಧಪಟ್ಟ ಇಲಾಖೆಗೆ ಪೋರ್ಟಲ್ಲಿನಲ್ಲಿ ದೂರು ಸಲ್ಲಿಸಿಬಿಟ್ಟಿದ್ದೆ. ದೂರು ವಿಚಾರಣೆಯಲ್ಲಿರುವಾಗ ಯಥಾಸ್ಥಿತಿ ಕಾಪಾಡಬೇಕು. ದೂರುದಾರನೇ ಬಸ್ಸು ಹತ್ತಿ ಹೋದರೆ ತೊಂದರೆ ಎಲ್ಲಿ ಉಳಿಯಿತು? ನಾಳೆ ಯಾರಾದರೂ ಪರಿಶೀಲನೆಗೆ ಬಂದಾಗ ನಾನು ತೊಂದರೆಯಲ್ಲಿ ಸಿಗಬೇಡವೇ? ಇದನ್ನು ಅವಳಿಗೆ ವಿವರಿಸಿದೆ. ಅವಳು ಕುಕ್ಕರಿನ ಮುಚ್ಚಳ ಹಾಕಿ, "ನೀವು ತೊಂದರೆಯಲ್ಲೇ ಇರಿ," ಅಂದಳು.

ಇದ್ದೆ. ಜೊತೆಗೊಬ್ಬ ಸಿಕ್ಕಿದ. ರಾಮ್‌ಸೇವಕ್ ಅಂತ, ಪಕ್ಕದ ಬ್ಲಾಕಿನ ಗಾರ್ಡ್. ಪಾಳಿ ಮುಗಿಸಿ ನಾನು ಹೊರಡುವ ಹೊತ್ತಿಗೇ ಸೈಕಲ್ಲಿನಲ್ಲಿ ಮನೆಗೆ ಹೋಗುವವನು. ಮೊದಮೊದಲು ನನ್ನನ್ನು ದಾಟಿ ಕೆಂಪಿನಲ್ಲೇ ನುಗ್ಗುತ್ತಿದ್ದ. "ಚಲಿಯೇ ಸಾಹಬ್, ಇದು ನಮಗಲ್ಲ," ಅನ್ನುತ್ತಿದ್ದ. ಒಂದು ದಿನ ಟೆಂಪೊ ಒಂದು ಅವನ ಹಿಂದಿನ ಚಕ್ರಕ್ಕೆ ತಗುಲಿತು. ಅವನಿಗೆ ಮೊಣಕೈ ತರಚಿತು ಅಷ್ಟೇ, ಚಕ್ರ ಮಾತ್ರ ಹಪ್ಪಳದ ಹಾಗೆ ಸುರುಟಿತು. ನಾನು ಓಡಿಹೋಗಿ ಎಬ್ಬಿಸಿದೆ. ಅಂದಿನಿಂದ ಅವನೂ ನನ್ನ ಜೊತೆ ನಿಲ್ಲತೊಡಗಿದ. ಅವನನ್ನು ನೋಡಿ ಇಸ್ತ್ರಿಯವನು, ಇಬ್ಬರು ಮಾಲಿಗಳು ನಿಂತರು. ಐದು ಸೈಕಲ್ಲಾದವು. ಐದು ಸೇರಿದರಾದರೂ ತಂತಿಗೆ ಒಂದು ಸ್ಕೂಟರಿನಷ್ಟು ಅನುಮಾನ ಬರಬಹುದೆಂದು ನಾನು ಅವರಿಗೆ ಭರವಸೆ ಕೊಟ್ಟಿದ್ದೆ. ಬರಲಿಲ್ಲ.

ಆ ವೇಳೆಗೆ ನನ್ನ ರಜೆಯಲ್ಲಿ ಎರಡೂವರೆ ದಿನ ಕರಗಿತ್ತು. ಅಷ್ಟರಲ್ಲಿ ದೇವರು ಕಣ್ಣು ತೆರೆದ ಹಾಗೆ ಪರಿಶೀಲನೆಗೆ ಎಂಜಿನಿಯರ್ ಬರುತ್ತಾರೆಂದು ಸಂದೇಶ ಬಂತು. ನಾವು ಐವರೂ ಸಾಲಾಗಿ ನಿಂತು ಕಾದೆವು. ಎಂಜಿನಿಯರ್ ಬಂದರು. ಕಾರಿನಲ್ಲಿ ಬಂದರು. ಬಂದ ಕಾರು ಸೀದಾ ತಂತಿಯ ಮೇಲೆ ನಿಂತಿತು, ಹಸಿರು ಬಂತು. ಅವರು ಕಿಟಕಿಯ ಗಾಜು ಇಳಿಸಿ, "ಕೆಲಸ ಮಾಡ್ತಾ ಇದೆಯಲ್ಲ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಸೈಕಲ್ಲಿನ ವಿಷಯ ತಿಳಿಸಿದೆ. ಹುಡುಗು ಮುಖದ ಒಳ್ಳೆಯ ಮನುಷ್ಯ, ಇಳಿದು ಬಂದು ಕೇಳಿಕೊಂಡರು. "ಅಂಕಲ್‌ಜೀ, ತಂತಿಗೆ ಲೋಹ ಹತ್ತಿರ ಬೇಕು. ನಿಮ್ಮ ಸೈಕಲ್ಲನ್ನು ಆ ಗೀಟಿನ ಮೇಲೆ ಅಡ್ಡ ಮಲಗಿಸಿ ನೋಡಿ," ಅಂದು ಹೊರಟುಹೋದರು. ಸಂಜೆ ಉತ್ತರ ಬಂತು: ಪರಿಶೀಲನೆಯ ಸಮಯದಲ್ಲಿ ಸಿಗ್ನಲ್ ಸಮರ್ಪಕವಾಗಿ ಕಾರ್ಯನಿರ್ವಹಿಸುತ್ತಿರುವುದು ಕಂಡುಬಂದಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ. ಓದಿ ನನಗೆ ಸಿಟ್ಟು ಬರಲಿಲ್ಲ. ಆ ವಾಕ್ಯದಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಂಥ ವಾಕ್ಯ ಬರೆಯುವುದನ್ನು ನಾನು ಎಷ್ಟು ಗುಮಾಸ್ತರಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ. ಅದನ್ನು ಓದಿದವರು ಆಮೇಲೆ ಏನು ಮಾಡುತ್ತಾರೆಂದು ಮಾತ್ರ ಎಂದೂ ಯೋಚಿಸಿರಲಿಲ್ಲ.

ಮರುದಿನ ಉಳಿದ ನಾಲ್ವರು ಬರುವ ಮೊದಲೇ ಹೋಗಿ ಸೈಕಲ್ಲನ್ನು ಗೀಟಿನ ಮೇಲೆ ಮಲಗಿಸಿದೆ. ಸರಿಯಾಗಿ ಮಲಗಿತೋ ಇಲ್ಲವೋ ನೋಡಲು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ಹೆಲ್ಮೆಟ್ ಹಾಕಿದ ಐವತ್ತು ದಾಟಿದವನೊಬ್ಬ ಬಿದ್ದ ಸೈಕಲ್ಲಿನ ಪಕ್ಕ ನೆಲದಲ್ಲಿ ಕುಳಿತಿದ್ದರೆ ನೋಡಿದವರಿಗೆ ಏನನ್ನಿಸಬೇಕು? ದೆಹಲಿಯವರಿಗೆ ಹೃದಯವಿಲ್ಲ ಎಂದು ಹೇಳುವವರು ಅಂದು ಅಲ್ಲಿರಬೇಕಿತ್ತು. ಕ್ಷಣದಲ್ಲಿ ಹತ್ತು ಜನ. ಒಬ್ಬರು ನೀರು ಚಿಮುಕಿಸಿದರು, ಒಬ್ಬ ಹೆಂಗಸು ಕಾಲು ತಿಕ್ಕಿದಳು, ಇನ್ನೊಬ್ಬ ನನ್ನ ಜೇಬಿನಿಂದ ಫೋನ್ ತೆಗೆದು, "ಮನೆಯವರ ನಂಬರ್ ಯಾವುದು?" ಅಂದ. ನಾನು ಬಿದ್ದಿಲ್ಲ, ಸಿಗ್ನಲ್ಲಿಗೆ ಕಾಣಲೆಂದು ಮಲಗಿಸಿದ್ದೇನೆ ಎಂದು ಬಿಡಿಸಿ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ತಲೆಗೆ ಪೆಟ್ಟಾಗಿದೆ," ಎಂದು ಆ ಹೆಂಗಸು ಮೆಲ್ಲಗೆ ಹೇಳಿದಳು. ಅಷ್ಟರಲ್ಲಿ, ನಂಬಿ, ಹಸಿರು ಬಂದೇ ಬಂತು. ನಾನು ಏಳಲು ಹೋದೆ. ಭುಜ ಹಿಡಿದು ಕೂರಿಸಿದರು. ಹಸಿರು ಹೋಯಿತು. ಆ ಹೊತ್ತಿಗೆ ಫೋನಿನಲ್ಲಿ ಸುಮಿತ್ರಾ ಅಳುತ್ತಿದ್ದಳು. ಅಂದು ಪೂರ್ತಿ ಒಂದು ದಿನದ ರಜೆ ಹೋಯಿತು, ಏಕೆಂದರೆ ಅವಳು ಇನ್ನು ರಸ್ತೆಯಲ್ಲಿ ಸೈಕಲ್ ಮಲಗಿಸಕೂಡದೆಂದು ಆಣೆ ಹಾಕಿಸಿ, ನನ್ನ ತಲೆಗೆ ಸ್ಕ್ಯಾನ್ ಮಾಡಿಸಿದಳು. ತಲೆಯಲ್ಲಿ ಏನೂ ಇಲ್ಲ ಎಂದು ವರದಿ ಬಂತು.

ಉಳಿದದ್ದು ಒಂದೂವರೆ ದಿನ. ಗಿರಿಜಕ್ಕನಿಗೆ ಫೋನ್ ಮಾಡಿ ಹೇಳಿದೆ, ಮುಹೂರ್ತದ ದಿನ ನಡುರಾತ್ರಿ ದಾಟಿದ ಮೇಲಿನ ವಿಮಾನವೊಂದರಲ್ಲೇ ಸೀಟಿದೆ, ಹೇಗೋ ಬಂದುಬಿಡುತ್ತೇನೆ, ಬೆಂಗಳೂರಿನಿಂದ ದಾವಣಗೆರೆ ತಲುಪುವಾಗ ಬೆಳಿಗ್ಗೆ ಹತ್ತು ಗಂಟೆ ಆಗಬಹುದು ಅಂತ. "ಮುಹೂರ್ತ ಒಂಬತ್ತಕ್ಕೆ ಕಣೋ. ಇರಲಿ ಬಿಡು, ನಮ್ಮ ರಾಘು ಇದಾನಲ್ಲ, ಅವನೂ ಸೋದರಮಾವನೇ. ಅವನೇ ಕರ್ಕೊಂಡು ಬರ್ತಾನೆ. ನೀನು ಊಟಕ್ಕಾದ್ರೂ ಬಾ," ಅಂದಳು ಅಕ್ಕ. ಬೈದಿದ್ದರೆ ಚೆನ್ನಾಗಿತ್ತು. ಸಿಗ್ನಲ್ಲು ಬಿಡಲಿಲ್ಲ ಎಂದು ಹೇಗೆ ಹೇಳಲಿ? ಹೇಳಿದೆ ಕೂಡ. ಅಕ್ಕ, "ಅಲ್ಲೆಲ್ಲ ನೆಟ್‌ವರ್ಕ್ ಸರಿ ಇಲ್ವೇನೋ," ಅಂದಳು. ಫೋನಿಟ್ಟು ಬಾಲ್ಕನಿಗೆ ಹೋಗಿ ನಿಂತೆ. ಅಳು ಬಂತು, ಅತ್ತುಬಿಟ್ಟೆ.

ಇನ್ನು ಮದುವೆ ಊಟಕ್ಕೆ ಬೇಕಾದ ಆ ಒಂದೂವರೆ ದಿನದ ರಜೆಯನ್ನಾದರೂ ಉಳಿಸಿಕೊಳ್ಳಬೇಕಿತ್ತು. ಕೆಳಗಿನ ಮನೆಯ ಮಲ್ಹೋತ್ರಾ ನನ್ನ ಕಥೆ ಕೇಳಿ, "ಅರೆ, ನಾಳೆಯಿಂದ ನನ್ನ ಗಾಡಿಯಲ್ಲಿ ಬನ್ನಿ. ನಿಮಗೋಸ್ಕರ ಹಿಂದಿನ ಗಲ್ಲಿಯಿಂದಲೇ ಹೋಗೋಣ, ನಿಮ್ಮ ಆಫೀಸಿಗೆ ಅದೇ ಹತ್ತಿರ," ಅಂದರು. ದೂರು ಹೇಗೂ ಮುಕ್ತಾಯವಾಗಿತ್ತು, ಯಥಾಸ್ಥಿತಿಯ ಹಂಗಿರಲಿಲ್ಲ. ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತೆ. ಗಲ್ಲಿಯ ತುದಿಯಲ್ಲಿ ನಾಲ್ಕು ಸೈಕಲ್ ನಿಂತಿದ್ದವು, ನಾನು ಕಲಿಸಿದ ಹಾಗೆಯೇ, ಗೀಟಿನ ಹಿಂದೆ. ನಾಚಿಕೆಯಿಂದ ಪತ್ರಿಕೆ ಮುಖಕ್ಕೆ ಹಿಡಿದೆ. ಕಾರು ನಿಂತಿತು, ಹಸಿರು ಬಂತು. ನಾಲ್ವರೂ ನಿರಾಳವಾಗಿ ದೊಡ್ಡ ರಸ್ತೆ ದಾಟಿದರು. ದಾಟಿದ ಮೇಲೆ ರಾಮ್‌ಸೇವಕ್ ಸೈಕಲ್ ನಿಲ್ಲಿಸಿ, ಕೈ ತೋರಿಸಿ ನಮ್ಮ ಕಾರನ್ನೂ ಬದಿಗೆ ನಿಲ್ಲಿಸಿಕೊಂಡು ಕಿಟಕಿಯ ಹತ್ತಿರ ಬಂದ. ಬಯ್ಯುತ್ತಾನೆಂದು ಗಾಜು ಇಳಿಸಿದೆ.

ಅವನ ಮುಖದಲ್ಲಿ ಇಷ್ಟು ದಿನ ಕಾಣದಿದ್ದ ಗೌರವವಿತ್ತು. "ಸಾಹಬ್, ಬಹುತ್ ಅಚ್ಛಾ ಕಿಯಾ," ಅಂದ. "ಇನ್ನು ಮೇಲೆ ದಿನಾ ಗಾಡಿಯಲ್ಲೇ ಬನ್ನಿ. ನೀವು ಸೈಕಲ್ಲಿನಲ್ಲಿ ಬರ್ತಿದ್ದಾಗ ನಮಗೆ ಏನೂ ಉಪಯೋಗ ಇರಲಿಲ್ಲ." ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದ. ಎಂಟೂ ನಲವತ್ತಕ್ಕೆ ಅಂದೆ. ಮರುದಿನ ಹನ್ನೊಂದು ಸೈಕಲ್ ಕಾಯುತ್ತಿದ್ದವು.